ಕಲ್ಲಿನ ತಡೆ ಕೊಚ್ಚಿಹೋಯಿತು, ಮುಂದೇನು?

ಪ್ರಶ್ನೆ: ಗೆಳೆಯರೆಲ್ಲ ಸೇರಿ ಊರ ಹಳ್ಳದ ಹೂಳೆತ್ತಿ ಕಲ್ಲಿನ ತಡೆ ಕಟ್ಟಿದ್ದೆವು. ಮೊದಲ ಮಳೆಗೇ ಕೊಚ್ಚಿಹೋಯಿತು. ಪಕ್ಕದ ಜಮೀನಿನವರು ದಂಡೆ ತಮ್ಮದೆಂದು ತಕರಾರು ತೆಗೆದಿದ್ದಾರೆ. ಕೈಬಿಡುವುದೇ?

ಉತ್ತರ: ಕೈಬಿಡಬೇಡಿ. ಮೊದಲು ಕಿತ್ತುಹೋದ ಜಾಗವನ್ನು ನೋಡಿ. ಪಕ್ಕದ ಮಣ್ಣು ಕೊರೆದಿದ್ದರೆ, ತಡೆಯ ತುದಿಗಳು ದಂಡೆಯೊಳಗೆ ಸಾಕಷ್ಟು ಹೊಕ್ಕಿರಲಿಲ್ಲ. ಕೆಳಬದಿಯಲ್ಲಿ ಗುಂಡಿ ಬಿದ್ದಿದ್ದರೆ, ನೀರು ಧುಮುಕುವಲ್ಲಿ ಕಲ್ಲು ಹಾಸಿರಲಿಲ್ಲ. ತಡೆಯ ನಡುಭಾಗ ಯಾವಾಗಲೂ ತಗ್ಗಾಗಿರಲಿ. ಈ ಸಲ ಮೇಲಿನ ಸಣ್ಣ ಕೊರಕಲುಗಳಿಂದ ಶುರು ಮಾಡಿ, ಮೊಣಕಾಲೆತ್ತರ ಸಾಕು. ದಂಡೆಗೆ ಲಾವಂಚ ನೆಡಿ. ಹಳ್ಳ ಅಗಲವಾಗಿದ್ದರೆ ಎಂಜಿನಿಯರ್ ನೋಡದೆ ಕಟ್ಟಬೇಡಿ.

ಇನ್ನು ದಂಡೆಯ ತಕರಾರು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ, ಖಾಸಗಿ ಹಕ್ಕು ಸಾಬೀತಾಗದಿದ್ದರೆ ಹಳ್ಳ ಸರ್ಕಾರದ್ದು. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರ್ವೆ ಮಾಡಿಸಿ, ಪಂಚಾಯಿತಿಯ ಲಿಖಿತ ಒಪ್ಪಿಗೆ ಪಡೆಯಿರಿ. ನೋಟಿಸು ಬಂದರೆ ತಡಮಾಡದೆ ವಕೀಲರನ್ನು ಕಾಣಿ.