ಹತ್ತು ರೋಗಿಗಳ ನಿದ್ರೆ, ಒಂದು ಲೆಕ್ಕ

ಬಂಧುಗಳಿಗೆ ಗುಣವಾಯಿತೆಂದು ಕೇಳಿ, ಅದೇ ಔಷಧವನ್ನು ತಮಗೂ ಕೊಡಬೇಕೆಂದು ಕೋರುವ ಸದ್ಭಕ್ತರು ಅನೇಕರು. ಆ ಗುಣವು ಔಷಧದಿಂದ ಆದದ್ದೋ ಆಕಸ್ಮಿಕವೋ ಎಂಬುದನ್ನು ಒಬ್ಬರನ್ನೇ ನೋಡಿ ಹೇಳಲಾಗದು. ಅದನ್ನು ತೂಗಿ ನೋಡುವ ಶಾಸ್ತ್ರವೇ ಸಂಖ್ಯಾಶಾಸ್ತ್ರ. ಜೀವವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಕಲಿಯುವ ಒಂದು ಹಳೆಯ ಲೆಕ್ಕದಿಂದ ಇದನ್ನು ತಿಳಿಯೋಣ.

ಕುಶ್ನಿ ಮತ್ತು ಪೀಬಲ್ಸ್ ಎಂಬ ವಿಜ್ಞಾನಿಗಳು ನಿದ್ರೆ ತರಿಸುವ ಔಷಧಗಳ ಪ್ರಯೋಗವೊಂದನ್ನು 1905ರಲ್ಲಿ ಪ್ರಕಟಿಸಿದರು. ಅದರಲ್ಲಿನ ಹತ್ತು ರೋಗಿಗಳ ಅಂಕಿಗಳನ್ನು 1908ರಲ್ಲಿ ಗಾಸೆಟ್ ಎಂಬವರು ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಬರೆದ ಪ್ರಬಂಧದಲ್ಲಿ ಬಳಸಿದರು. ಅವರು ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಉದ್ಯೋಗಿಯಾಗಿದ್ದರು. ಹುಟ್ಟಿದ ಸ್ಥಳ ಯಾವುದಾದರೇನು, ವಿದ್ಯೆ ವಿದ್ಯೆಯೇ.

ಮೊದಲನೆಯ ಔಷಧದಿಂದ ರೋಗಿಗಳಿಗೆ ಸರಾಸರಿ 0.75 ಗಂಟೆ, ಎರಡನೆಯದರಿಂದ 2.33 ಗಂಟೆ ಹೆಚ್ಚು ನಿದ್ರೆ ಬಂದಿತು. ಅಂತರ 1.58 ಗಂಟೆ. ಆದರೆ ಸರಾಸರಿಯ ಹಿಂದೆ ಮನುಷ್ಯರಿದ್ದಾರೆ. ಐದನೆಯ ರೋಗಿಗೆ ಎರಡೂ ಔಷಧಗಳಿಂದ ಪ್ರಯೋಜನವಾಗಲಿಲ್ಲ. ಒಂಬತ್ತನೆಯವರಿಗೆ ಮೊದಲನೆಯದರಿಂದ ಏನೂ ಆಗಲಿಲ್ಲ, ಎರಡನೆಯದರಿಂದ 4.6 ಗಂಟೆ ಹೆಚ್ಚು ನಿದ್ರೆ ಬಂದಿತು. ಇವರಿಬ್ಬರಲ್ಲಿ ಯಾರು ನಮ್ಮ ನೆರೆಮನೆಯವರಾಗಿದ್ದಾರೆ ಎಂಬುದರ ಮೇಲೆ ನಮ್ಮ ಅಭಿಪ್ರಾಯ ನಿಲ್ಲುತ್ತಿತ್ತಲ್ಲವೇ?

ಆದ್ದರಿಂದ ಪ್ರತಿಯೊಬ್ಬ ರೋಗಿಯಲ್ಲಿ ಎರಡು ಔಷಧಗಳ ನಡುವಿನ ಅಂತರವನ್ನು ಬರೆದುಕೊಳ್ಳಬೇಕು. ಈ ಹತ್ತು ಅಂತರಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದನ್ನು ಹೇಳುವ ಅಳತೆಗೆ ಮಾನಕ ವಿಚಲನೆ ಎಂದು ಹೆಸರು. ಇಲ್ಲಿ ಅದು 1.23. ಅದನ್ನು ಹತ್ತರ ವರ್ಗಮೂಲದಿಂದ ಭಾಗಿಸಿದರೆ 0.39 ಬರುತ್ತದೆ. ಇದು ಮಾನಕ ದೋಷ. ಅಂದರೆ ಇನ್ನೂ ಹತ್ತು ಹತ್ತು ರೋಗಿಗಳನ್ನು ತೆಗೆದುಕೊಳ್ಳುತ್ತ ಹೋದರೆ ಸರಾಸರಿಯು ಎಷ್ಟು ಅಲುಗಾಡಬಹುದೆಂಬ ಅಂದಾಜು. ನಮ್ಮ ಅಂತರವು ಈ ಅಲುಗಾಟದ ನಾಲ್ಕು ಪಟ್ಟಿನಷ್ಟಿದೆ. ಔಷಧಗಳೆರಡೂ ಸಮಾನವಾಗಿದ್ದ ಪಕ್ಷದಲ್ಲಿ ಇಷ್ಟು ದೊಡ್ಡ ಪಟ್ಟು ಆಕಸ್ಮಿಕವಾಗಿ ಬರುವುದು ಸಾವಿರಕ್ಕೆ ಸುಮಾರು ಮೂರು ಸಲ ಮಾತ್ರ.

ಅವೇ ಅಂಕಿಗಳನ್ನು ಇಪ್ಪತ್ತು ಬೇರೆ ಬೇರೆ ರೋಗಿಗಳದೆಂದು ಎಣಿಸಿದರೆ ಆ ಪಟ್ಟು 1.86ಕ್ಕೆ ಇಳಿಯುತ್ತದೆ, ಆಕಸ್ಮಿಕದ ಸಾಧ್ಯತೆ ನೂರಕ್ಕೆ ಎಂಟರಷ್ಟಾಗುತ್ತದೆ. ಆಗ ಯಾವ ವೈದ್ಯನೂ ಧೈರ್ಯವಾಗಿ ನಿರ್ಣಯ ಹೇಳಲಾರ. ಕಾರಣವಿಷ್ಟೆ: ಆರನೆಯ ಮತ್ತು ಏಳನೆಯ ರೋಗಿಗಳಿಗೆ ಮೊದಲನೆಯ ಔಷಧದಿಂದಲೂ ಮೂರು ಗಂಟೆಗೆ ಮೀರಿ ನಿದ್ರೆ ಬಂದಿತ್ತು. ಒಬ್ಬರನ್ನು ಮತ್ತೊಬ್ಬರೊಡನೆ ಹೋಲಿಸಿದಾಗ ಪ್ರಕೃತಿಭೇದವು ಔಷಧದ ಗುಣವನ್ನು ಮರೆಮಾಡುತ್ತದೆ. ತಮ್ಮೊಡನೆಯೇ ಹೋಲಿಸಿದಾಗ ಅದು ಲೆಕ್ಕದಿಂದ ಕಳೆದುಹೋಗುತ್ತದೆ. ಪ್ರಕೃತಿಯ ಮಾತನ್ನಾಡುವ ನಮ್ಮ ಆಯುರ್ವೇದದವರು ಇದನ್ನು ಪ್ರಯೋಗಕ್ಕೆ ಮೊದಲೇ ಯೋಚಿಸಬೇಕು.

ಇನ್ನೊಂದು ಸೋಜಿಗ. ಎರಡು ಔಷಧಗಳ ನಡುವೆ ಅತಿ ಹೆಚ್ಚು ಅಂತರ ಕಂಡ ಒಂಬತ್ತನೆಯವರನ್ನು ಪರೀಕ್ಷೆಗೆಂದು ಬದಿಗಿಟ್ಟು ಲೆಕ್ಕ ಮಾಡಿದರೆ ಸರಾಸರಿ ಅಂತರವು 1.24ಕ್ಕೆ ಇಳಿಯುತ್ತದೆ, ಆದರೆ ಪಟ್ಟು 5.7ಕ್ಕೆ ಏರುತ್ತದೆ! ಉಳಿದ ಒಂಬತ್ತು ಮಂದಿ ಒಬ್ಬರಿಗೊಬ್ಬರು ಹತ್ತಿರವಿರುವುದೇ ಇದಕ್ಕೆ ಕಾರಣ. ಊರೆಲ್ಲ ಮಾತಾಡುವಂಥ ಆ ಒಬ್ಬ ರೋಗಿಯು ಸಾಕ್ಷ್ಯವನ್ನು ಗಟ್ಟಿಮಾಡಿರಲಿಲ್ಲ, ಸಡಿಲಗೊಳಿಸಿದ್ದರು.