ಆಂಟಿಬಯೋಟಿಕ್ ಬರೆಸುವ ಮೊದಲು ಮಾತ್ರೆ ಚೀಲ ತೋರಿಸಿ

"ಡಾಕ್ಟ್ರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ." ನಮ್ಮ ಬೀದಿಯ ಅಜ್ಜಿಯೊಬ್ಬರ ಮಾತಿದು. ಹೃದಯಕ್ಕೆಂದು ಎಷ್ಟೋ ವರ್ಷದಿಂದ ಡಿಗಾಕ್ಸಿನ್ ನುಂಗುತ್ತಿದ್ದವರು, ಕಫ ಕಟ್ಟಿತೆಂದು ಬೇರೊಂದು ಕ್ಲಿನಿಕ್ಕಿಗೆ ಹೋಗಿ ಕ್ಲಾರಿತ್ರೋಮೈಸಿನ್ ಬರೆಸಿಕೊಂಡು ಬಂದರು. ನಾಲ್ಕನೇ ದಿನಕ್ಕೆ ಊಟ ಸೇರದು, ವಾಂತಿ, ಸುಣ್ಣದ ಗೋಡೆಯೂ ಹಳದಿ ಹಳದಿ. ಮನೆಯವರು ಪಿತ್ತವೆಂದು ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟರು. ಆಗಿದ್ದು ಪಿತ್ತವಲ್ಲ, ಮೈಯಲ್ಲಿ ಡಿಗಾಕ್ಸಿನ್ ಮಿತಿಮೀರಿತ್ತು.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಎಗರ್ಥೆಲ್ಲಾ ಲೆಂಟಾ ಎಂಬ ಕರುಳಿನ ಬ್ಯಾಕ್ಟೀರಿಯಾ ಡಿಗಾಕ್ಸಿನ್ನನ್ನು ನಿಷ್ಕ್ರಿಯ ಮಾಡುತ್ತದೆ. ಈ ಮಾತ್ರೆ ತಿನ್ನುವವರಲ್ಲಿ ಸುಮಾರು ಹತ್ತರಲ್ಲೊಬ್ಬರಿಗೆ ಹೀಗೆ ಗಣನೀಯ ಪ್ರಮಾಣ ಪೋಲಾಗುತ್ತದೆ. ಆಂಟಿಬಯೋಟಿಕ್ ಆ ಬ್ಯಾಕ್ಟೀರಿಯಾವನ್ನು ಕೊಂದರೆ ನಿನ್ನೆಯ ಡೋಸೇ ಇವತ್ತು ಹೆಚ್ಚಾಗುತ್ತದೆ. ಸಾಲದ್ದಕ್ಕೆ ಕ್ಲಾರಿತ್ರೋಮೈಸಿನ್, ಡಿಗಾಕ್ಸಿನ್ ಮೈಯಿಂದ ಹೊರಹೋಗುವ ದಾರಿಗೂ ಅಡ್ಡ ನಿಲ್ಲುತ್ತದೆ. ಉಲ್ಟಾ ಕತೆಯೂ ಇದೆ: ದೊಡ್ಡ ಕರುಳಿನ ಹುಣ್ಣಿಗೆ ಕೊಡುವ ಸಲ್ಫಸಲಝೀನ್ ಕೆಲಸ ಮಾಡಬೇಕಾದರೆ ಬ್ಯಾಕ್ಟೀರಿಯಾಗಳೇ ಅದನ್ನು ಒಡೆಯಬೇಕು. 2019ರಲ್ಲಿ 271 ಔಷಧಿಗಳನ್ನು 76 ಬಗೆಯ ಕರುಳಿನ ಬ್ಯಾಕ್ಟೀರಿಯಾಗಳ ಜೊತೆ ಇಟ್ಟು ನೋಡಿದಾಗ 176 ಔಷಧಿಗಳನ್ನು ಯಾವುದಾದರೊಂದು ಬ್ಯಾಕ್ಟೀರಿಯಾ ಬದಲಿಸಿತ್ತು.

ಈಗ ಮಾಡಬೇಕಾದ್ದು.

ಮೊದಲಿಗೆ, ಮನೆಯಲ್ಲಿ ದಿನವೂ ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಬಾಯಲ್ಲಿ ಹೇಳಿದರೆ ಸಾಲದು. "ಬಿಳೀದು, ಚಿಕ್ಕದು, ಬೆಳಿಗ್ಗೆ ಒಂದು" ಎಂದರೆ ಯಾವ ಡಾಕ್ಟರಿಗೂ ತಿಳಿಯದು. ಇಲ್ಲೇ ಎಲ್ಲರೂ ಎಡವುವುದು. ಅಂಗಡಿಯವರು ಹತ್ತರ ಸ್ಟ್ರಿಪ್‌ನಿಂದ ನಾಲ್ಕು ಕತ್ತರಿಸಿ ಕೊಡುತ್ತಾರೆ, ಹೆಸರಿರುವ ತುದಿ ಅವರಲ್ಲೇ ಉಳಿಯುತ್ತದೆ. ಹೆಸರೂ ತಾರೀಕೂ ಇರುವ ತುಂಡನ್ನೇ ಕೇಳಿ ಪಡೆಯಿರಿ. ಅಂಗಡಿಯವರು ಮುಖ ಗಂಟು ಹಾಕಿದರೂ ಪರವಾಗಿಲ್ಲ. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಹಳೆಯ ಡಬ್ಬಿಗೆ ತುಂಬಿಡುವ ಅಭ್ಯಾಸವಂತೂ ಇವತ್ತೇ ಬಿಡಿ. ಕಷಾಯದ ಪುಡಿ, ಕ್ಯಾಲ್ಸಿಯಂ, ಗ್ಯಾಸಿನ ಮಾತ್ರೆ, ಇವೂ ಚೀಲದಲ್ಲಿರಲಿ. ಇವೆಲ್ಲ ಔಷಧಿಯಲ್ಲ ಎಂದುಕೊಂಡು ಬಿಟ್ಟುಬರುವವರೇ ಹೆಚ್ಚು.

ಡಿಗಾಕ್ಸಿನ್ ಅಥವಾ ರಕ್ತ ತೆಳುವಾಗಿಸುವ ವಾರ್ಫರಿನ್, ಅಸಿನೋಕೊಮರಾಲ್ ತಿನ್ನುವವರು "ಇದರ ಜೊತೆ ಈ ಆಂಟಿಬಯೋಟಿಕ್ ಆಗುತ್ತಾ?" ಎಂದು ಬಾಯಿಬಿಟ್ಟು ಕೇಳಿ. ಹಲ್ಲಿನ ಡಾಕ್ಟರಲ್ಲೂ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆಯವರು, ರಕ್ತ ಎಷ್ಟು ತೆಳುವಾಗಿದೆಯೆಂದು ನೋಡುವ ಐಎನ್ಆರ್ ಪರೀಕ್ಷೆ ಯಾವ ದಿನ ಮಾಡಿಸಬೇಕೆಂದು ಚೀಟಿಯಲ್ಲೇ ಬರೆಸಿಕೊಳ್ಳಿ. ಹೆದರಿ ಹೃದಯದ ಮಾತ್ರೆ ನೀವೇ ನಿಲ್ಲಿಸಬೇಡಿ.

ಸ್ಟ್ರಿಪ್ ಹಿಂದೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿಯಿಲ್ಲದೆ ಕೊಳ್ಳುವ ಔಷಧಿಯಲ್ಲ ಅದು. ನೆಗಡಿಗೆ ಆಂಟಿಬಯೋಟಿಕ್ ಬೇಡವೇ ಬೇಡ.

ಸಿಪ್ರೋಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಬರೆದಿದ್ದರೆ ನೀರಿನಲ್ಲೇ ನುಂಗಿ. ಹೊಟ್ಟೆಗೆ ತಂಪೆಂದು ಮಜ್ಜಿಗೆಯಲ್ಲಿ ನುಂಗಿದರೆ ಕ್ಯಾಲ್ಸಿಯಂ ಔಷಧಿಯನ್ನು ಹಿಡಿದುಕೊಂಡು ರಕ್ತಕ್ಕೆ ಸೇರಲು ಬಿಡದು. ಎರಡು ಗಂಟೆ ಬಿಟ್ಟು ಮೊಸರನ್ನ ಉಣ್ಣಿ.

ಜಾಗ ಮುಗಿಯುತ್ತಿದೆ. ಆಂಟಿಬಯೋಟಿಕ್ ತಿನ್ನುವಾಗ, ಇಲ್ಲವೇ ಮುಗಿಸಿದ ಕೆಲವು ವಾರಗಳೊಳಗೆ, ಭೇದಿ ನಿಲ್ಲದಿದ್ದರೆ ಅದನ್ನು ಕಟ್ಟುವ ಮಾತ್ರೆ ಅಂಗಡಿಯಿಂದ ತರಬೇಡಿ. ಒಳ್ಳೆಯ ಬ್ಯಾಕ್ಟೀರಿಯಾ ಸತ್ತ ಜಾಗದಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಬೆಳೆದಿರಬಹುದು. ಆನ್‌ಲೈನ್‌ನಲ್ಲಿ ಮಾರುವ ಕರುಳಿನ ಬ್ಯಾಕ್ಟೀರಿಯಾ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಅದನ್ನು ನೋಡಿ ಡೋಸ್ ನಿರ್ಧರಿಸುವ ಕಾಲ ಇನ್ನೂ ಬಂದಿಲ್ಲ. ಡಿಗಾಕ್ಸಿನ್ ತಿನ್ನುವವರಿಗೆ ವಾಂತಿಯಾಗಿ ಕಣ್ಣಿಗೆ ಹಳದಿ ಕಂಡರೆ, ಪಾನಕ ಮಾಡುತ್ತಾ ಕೂರದೆ ಆ ಹೊತ್ತಿಗೇ ಆಸ್ಪತ್ರೆಗೆ ಕರೆದೊಯ್ಯಿರಿ, ಮಾತ್ರೆ ಚೀಲದ ಸಮೇತ.