ಕೆಳಗೆ ವಾಷರ್, ಮೇಲೆ ಡ್ರೈಯರ್: ಸೋಮನಹಳ್ಳಿಯ ಮನೆಗೊಂದು ಲೆಕ್ಕ

ಇಂಜಿನಿಯರಿಂಗ್ ಸೇರಿದ ಮೇಲೆ ನಮ್ಮೆಲ್ಲರಿಗೂ ಒಂದು ಕೆಲಸ ತಾನಾಗೇ ಅಂಟಿಕೊಳ್ಳುತ್ತೆ. ಬ್ರಾಂಚ್ ಯಾವುದಾದ್ರೂ ಸರಿ, ಮನೆಗೆ ಮೆಷಿನ್ ತರೋದಿದ್ರೆ "ನೀನು ಇಂಜಿನಿಯರ್ ಅಲ್ವಾ, ಯಾವ್ದು ತಗೊಳ್ಳೋದು ಹೇಳು" ಅಂತ ಕೇಳ್ತಾರೆ. ಹೊಸ ಮನೆ ಕಟ್ಟೋರು ಈಗ ಕೇಳ್ತಿರೋದು ಒಂದರ ಮೇಲೊಂದು ಇಡುವ ವಾಷರ್-ಡ್ರೈಯರ್ ಜೋಡಿ ಬಗ್ಗೆ. ಎರಡೂ ಸೇರಿದರೆ ದೊಡ್ಡ ಮೊತ್ತ. ಬಾಯಿಗೆ ಬಂದ ಬ್ರ್ಯಾಂಡ್ ಹೆಸರು ಹೇಳೋ ಬದಲು ಲೆಕ್ಕ ಹಾಕಿ ನೋಡೋಣ.

ಉದಾಹರಣೆಗೆ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಒಂದು ಮನೆ ಅಂದುಕೊಳ್ಳೋಣ. ಕನಕಪುರ ರಸ್ತೆಯ ಸೋಮನಹಳ್ಳಿ ಅಲ್ಲ, ಎಸ್.ಎಂ. ಕೃಷ್ಣ ಅವರ ಹೆಸರಿನಲ್ಲಿ 'ಎಸ್' ಇದೆಯಲ್ಲ, ಆ ಊರು. ಒಂದೇ ಅಂತಸ್ತಿನ ಆರ್‌ಸಿಸಿ ಮನೆ, ತಾರಸಿ ಮೇಲೆ ಟ್ಯಾಂಕ್, ಬೋರ್‌ವೆಲ್ ನೀರು, ಐದು ಜನ, ದಿನಕ್ಕೆ 4 ಕೆಜಿ ಬಟ್ಟೆ.

1. ಮೊದಲು ಹೆಸರುಗಳ ಗೊಂದಲ

ಅಂಗಡಿಯಲ್ಲಿ 'ವಾಷರ್ ಡ್ರೈಯರ್' ಅಂತ ತೋರಿಸೋದು ಹೆಚ್ಚಾಗಿ ಒಂದೇ ಡ್ರಮ್‌ನ ಮೆಷಿನ್. ಅದು 8 ಕೆಜಿ ಒಗೆದರೂ ಒಂದು ಸಲಕ್ಕೆ ಒಣಗಿಸೋದು ಸುಮಾರು 5 ಕೆಜಿ ಮಾತ್ರ. ಅಲ್ಲದೆ ಇಂಥ ಹಲವು ಮಾಡೆಲ್‌ಗಳು ಬಟ್ಟೆಯ ಆವಿಯನ್ನು ತಣಿಸೋಕೆ ಮತ್ತೆ ನಲ್ಲಿ ನೀರನ್ನೇ ಬಳಸುತ್ತವೆ. ಬೇಸಿಗೆಯಲ್ಲಿ ಬೋರ್‌ವೆಲ್ ನಂಬಿಕೊಂಡ ಮನೆ ಇದನ್ನು ಕೇಳಿಯೇ ತಗೋಬೇಕು.

ನಾವು ಮಾತಾಡ್ತಿರೋದು ಎರಡು ಬೇರೆ ಮೆಷಿನ್‌ಗಳ ಬಗ್ಗೆ. ಕೆಳಗೆ ಫ್ರಂಟ್ ಲೋಡ್ ವಾಷರ್, ಮೇಲೆ ಡ್ರೈಯರ್. ಟಾಪ್ ಲೋಡ್ ಆದ್ರೆ ಮುಚ್ಚಳ ಮೇಲಕ್ಕೆ ತೆರೆಯಬೇಕಲ್ಲ, ಹಾಗಾಗಿ ಅದರ ಮೇಲೆ ಏನೂ ಇಡೋಕಾಗಲ್ಲ. ವಾಷರ್ ಯಾಕೆ ಕೆಳಗೇ ಇರಬೇಕು? ಅದರೊಳಗೆ ಕಾಂಕ್ರೀಟ್ ತೂಕ ಇರುತ್ತೆ, ಮೆಷಿನ್ 60-70 ಕೆಜಿ ಬರುತ್ತೆ, ನಿಮಿಷಕ್ಕೆ 1200 ಸುತ್ತು ತಿರುಗುತ್ತೆ. ಡ್ರೈಯರ್ ಹಗುರ, ಡ್ರಮ್ ತಿರುಗೋದೂ ನಿಧಾನ, ನಿಮಿಷಕ್ಕೆ 50 ಸುತ್ತಿನ ಆಸುಪಾಸು. ಅಲುಗಾಡೋದು ನೆಲಕ್ಕೆ ಹತ್ತಿರ ಇರಲಿ ಅನ್ನೋದೇ ಇಲ್ಲಿನ ಸೂತ್ರ. ನಡುವೆ ಸ್ಟ್ಯಾಕಿಂಗ್ ಕಿಟ್ ಕಡ್ಡಾಯ. ಕಿಟ್ ಸಾಮಾನ್ಯವಾಗಿ ಅದೇ ಕಂಪನಿಯ ಅದೇ ಅಳತೆಯ ಜೋಡಿಗೆ ಮಾತ್ರ ಕೂರುತ್ತೆ.

2. ನೀರು ತೆಗೆಯೋಕೆ ಎಷ್ಟು ಖರ್ಚು?

ಇದು ಈ ಪಾಠದ ಮುಖ್ಯ ಭಾಗ. ಬಟ್ಟೆಯ ನೀರು ತೆಗೆಯೋಕೆ ಮೂರು ದಾರಿ: ಸ್ಪಿನ್, ಬಿಸಿಲು, ಡ್ರೈಯರ್.

ಸ್ಪಿನ್‌ನಲ್ಲಿ ಬಟ್ಟೆ ಮೇಲಿನ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 48 ಸೆಂ.ಮೀ. ಅಗಲದ ಡ್ರಮ್‌ನಲ್ಲಿ 800 ಸುತ್ತಿಗೆ ಗುರುತ್ವದ ಸುಮಾರು 170 ಪಟ್ಟು, 1200ಕ್ಕೆ ಸುಮಾರು 385 ಪಟ್ಟು. ವೇಗ ಒಂದೂವರೆ ಪಟ್ಟಾದರೆ ಬಲ ಎರಡೂಕಾಲು ಪಟ್ಟು. 4 ಕೆಜಿ ಹತ್ತಿ ಬಟ್ಟೆಯಲ್ಲಿ 800 ಸುತ್ತಿನ ನಂತರ ಸುಮಾರು 2.8 ಲೀಟರ್ ನೀರು ಉಳಿದರೆ, 1200ರ ನಂತರ ಉಳಿಯೋದು ಸುಮಾರು 2.1 ಲೀಟರ್.

ಈ ಉಳಿದ ನೀರನ್ನು ಆವಿ ಮಾಡಬೇಕು. ಒಂದು ಲೀಟರ್‌ಗೆ ಸುಮಾರು 2400 ಕಿಲೋಜೌಲ್, ಅಂದ್ರೆ 0.67 ಯೂನಿಟ್. 2.1 ಲೀಟರ್‌ಗೆ 1.4 ಯೂನಿಟ್, ಹೀಟರ್ ಇರುವ ಮಾಮೂಲಿ ಡ್ರೈಯರ್‌ನಲ್ಲಿ ನಷ್ಟ ಸೇರಿ 2 ಯೂನಿಟ್ ಅಂತ ಇಟ್ಟುಕೊಳ್ಳೋಣ. ಹೀಟ್ ಪಂಪ್ ಡ್ರೈಯರ್ ಫ್ರಿಜ್ ಥರ ಕೆಲಸ ಮಾಡುತ್ತೆ. ಆವಿ ನೀರಾಗುವಾಗ ಬಿಡುವ ಶಾಖವನ್ನೇ ಹಿಡಿದು ಮತ್ತೆ ಬಳಸುತ್ತೆ. ಅದಕ್ಕೆ ಸುಮಾರು ಅರ್ಧ, ಅಂದ್ರೆ 1 ಯೂನಿಟ್ ಸಾಕು. ಆದರೆ ಬೆಲೆ ಜಾಸ್ತಿ, ಸಮಯವೂ ಜಾಸ್ತಿ.

ಹಾಗಾಗಿ ಮೊದಲ ಡ್ರೈಯರ್ ಅಂದ್ರೆ ವಾಷರ್‌ನ ಸ್ಪಿನ್ನೇ. 1200ಕ್ಕಿಂತ ಕಮ್ಮಿ ಇರೋದನ್ನ ನೋಡಲೇಬೇಡಿ.

3. ಗೃಹಜ್ಯೋತಿ ಲೆಕ್ಕ

ತಿಂಗಳಿಗೆ 25 ಸಲ ಒಣಗಿಸಿದರೆ ಮಾಮೂಲಿ ಡ್ರೈಯರ್‌ಗೆ 50 ಯೂನಿಟ್, ಹೀಟ್ ಪಂಪ್‌ಗೆ 25. ಇದು ಚಿಕ್ಕ ಸಂಖ್ಯೆ ಅನ್ನಿಸಬಹುದು. ಆದರೆ 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆ ನೋಡಿ ಒಂದು ಮಿತಿ ಹಾಕಿದ್ದಾರೆ. ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ. ಈಗ 160 ಯೂನಿಟ್ ಬಳಸೋ ಮನೆಗೆ 50 ಸೇರಿದರೆ 210. ಆಗ ಕಟ್ಟಬೇಕಾದ್ದು 50 ಯೂನಿಟ್‌ಗಲ್ಲ, 210ಕ್ಕೂ. ಅದೇ ಹೀಟ್ ಪಂಪ್ ಆದ್ರೆ 185ಕ್ಕೆ ನಿಲ್ಲುತ್ತೆ. ಅಂಗಡಿಗೆ ಹೋಗೋ ಮುಂಚೆ ಒಂದು ವರ್ಷದ ಕರೆಂಟ್ ಬಿಲ್ ತೆಗೆದು ನೋಡಿ.

4. ಎಲ್ಲಿ ಇಡೋದು?

"ತಾರಸಿ ರೂಮಲ್ಲಿ ಇಟ್ರೆ ಪಕ್ಕದಲ್ಲೇ ಒಣಗಾಕಬೋದು" ಅಂತ ಎಲ್ರಿಗೂ ಅನ್ಸುತ್ತೆ. ಆದ್ರೆ ನೀರಿನ ಒತ್ತಡ ನೋಡಿ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್. ಟ್ಯಾಂಕಿನ ತಳ ನೆಲದಿಂದ 4 ಮೀಟರ್, ಕೆಳಗಿನ ಮೆಷಿನ್‌ನ ನೀರಿನ ಬಾಯಿ 1 ಮೀಟರ್ ಎತ್ತರದಲ್ಲಿದ್ರೆ ವ್ಯತ್ಯಾಸ 3 ಮೀಟರ್, ಒತ್ತಡ 0.3 ಬಾರ್. ಕೆಲವು ಮಾಡೆಲ್‌ಗೆ ಇಷ್ಟು ಸಾಕು, ಕೆಲವು 0.5 ಕೇಳುತ್ತವೆ, ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ತಾರಸಿ ಮೇಲೇ ಮೆಷಿನ್ ಇಟ್ಟರೆ ಅದರ ಬಾಯಿಯೂ 4 ಮೀಟರ್‌ಗೆ ಬಂತು. ವ್ಯತ್ಯಾಸ ಸೊನ್ನೆ! ಟ್ಯಾಂಕ್ ಎತ್ತರಿಸಬೇಕು, ಇಲ್ಲವೇ ಪ್ರೆಷರ್ ಪಂಪ್ ಹಾಕಬೇಕು.

ಜಾಗ: ಜೋಡಿ ಸಾಮಾನ್ಯವಾಗಿ 60 ಸೆಂ.ಮೀ. ಅಗಲ, 170 ಸೆಂ.ಮೀ. ಎತ್ತರ. ಗೂಡು 70 ಅಗಲ, 180 ಎತ್ತರ ಇರಲಿ. ಹಿಂದೆ ಪೈಪಿಗೂ ಜಾಗ ಬಿಡಿ. ಡ್ರೈಯರ್‌ನ ಬಟನ್‌ಗಳು 160 ಸೆಂ.ಮೀ. ಮೇಲೆ ಬರುತ್ತವೆ. ಐದಡಿ ಎತ್ತರದ ಅಮ್ಮನೋ ಅಜ್ಜಿಯೋ ಅದನ್ನು ಓದೋಕಾಗುತ್ತಾ ಅಂತ ಅಂಗಡಿಯಲ್ಲೇ ಅವರನ್ನ ನಿಲ್ಲಿಸಿ ನೋಡಿ. ಬಳಸೋರು ಅವರು, ನಾವಲ್ಲ.

ವೈರಿಂಗ್: ವಾಷರ್ ಹೀಟರ್ 2 ಕಿಲೋವ್ಯಾಟ್, ಮಾಮೂಲಿ ಡ್ರೈಯರ್ 2.5. ಒಟ್ಟು 4.5 ಕಿಲೋವ್ಯಾಟ್‌ಗೆ 230 ವೋಲ್ಟ್‌ನಲ್ಲಿ ಸುಮಾರು 20 ಆಂಪಿಯರ್. ಒಂದೇ 16 ಆಂಪಿಯರ್ ಪಾಯಿಂಟ್‌ಗೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಎರಡನ್ನೂ ಓಡಿಸೋದು ವೈರ್ ಸುಡೋ ದಾರಿ. ಎರಡು ಬೇರೆ ಸರ್ಕ್ಯೂಟ್, ಒಳ್ಳೆ ಅರ್ಥಿಂಗ್, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೇಕೇ ಬೇಕು.

ನೀರಿನ ಗಡಸುತನವನ್ನೂ ಟೆಸ್ಟ್ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 200 ಮಿಲಿಗ್ರಾಂ ಒಪ್ಪುವ ಮಟ್ಟ, ಬೇರೆ ನೀರಿಲ್ಲದಿದ್ರೆ 600ರವರೆಗೆ. ಬೋರ್‌ವೆಲ್ ನೀರು ಗಡಸಾಗಿದ್ರೆ ಹೀಟರ್ ಮೇಲೆ ಸುಣ್ಣ ಕಟ್ಟುತ್ತೆ, ಸೋಪೂ ಜಾಸ್ತಿ ಬೇಕು. ಆಗಾಗ ಡೀಸ್ಕೇಲಿಂಗ್ ಪೌಡರ್ ಹಾಕಿ ಓಡಿಸಬೇಕು.

5. ಹಾಗಾದ್ರೆ ಡ್ರೈಯರ್ ಬೇಕಾ?

ಮಂಡ್ಯ ಕಡೆ ವರ್ಷದ ಹೆಚ್ಚಿನ ದಿನ ಒಳ್ಳೆ ಬಿಸಿಲು. ಜೋರು ಮಳೆ ಹೆಚ್ಚಾಗಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಆ ಎರಡು ತಿಂಗಳಿಗೆ ಶೀಟ್ ಹಾಕಿದ ಹಿತ್ತಲಲ್ಲಿ ಒಂದು ಹಗ್ಗ ಕಟ್ಟಿದ್ರೂ ಕೆಲಸ ನಡೆಯುತ್ತೆ. ಬಿಸಿಲು ಮಾತ್ರ ನೋಡಿದರೆ ಉತ್ತರ 'ಬೇಡ'.

ಆದರೆ ಇನ್ನೊಂದು ಲೆಕ್ಕ ಇದೆ. 4 ಕೆಜಿ ಬಟ್ಟೆ ಸ್ಪಿನ್ ಆದ ಮೇಲೂ 6 ಕೆಜಿ ತೂಗುತ್ತೆ. ಅದನ್ನ ದಿನಾ ಮೆಟ್ಟಿಲು ಹತ್ತಿ ಹೊರೋರು ಯಾರು? ಮಂಡಿ ನೋವಿರೋರೇ ಹೊರ್ತಿದ್ರೆ ಹಗ್ಗವನ್ನ ತಾರಸಿಯಿಂದ ಕೆಳಗೆ ತನ್ನಿ. ಅದಕ್ಕೆ ಜಾಗ ಇಲ್ಲ, ಪಕ್ಕದಲ್ಲೇ ಆಲೆಮನೆ ಹೊಗೆ ಬೂದಿ, ಅಥವಾ ಮನೆಯಲ್ಲಿ ಎಳೆಮಗು, ಹಾಸಿಗೆ ಹಿಡಿದ ಹಿರಿಯರು ಇದ್ದಾರೆ ಅಂದ್ರೆ ಡ್ರೈಯರ್ ಶೋಕಿಯಲ್ಲ, ಅಗತ್ಯ. ಆಗ ಹೀಟ್ ಪಂಪ್ ತಗೊಳ್ಳಿ.

ಒಟ್ಟಿನಲ್ಲಿ ನಮ್ಮ ಸಲಹೆ ಈ ಕ್ರಮದಲ್ಲಿ:

• ಮೊದಲು 1200 ಸುತ್ತಿನ, ಸ್ಟ್ಯಾಕಿಂಗ್ ಕಿಟ್ ಸಿಗುವ ಫ್ರಂಟ್ ಲೋಡ್ ವಾಷರ್.
• ಮನೆ ಕಟ್ಟುವಾಗಲೇ 180 ಸೆಂ.ಮೀ. ಗೂಡು, ಎರಡು ಪಾಯಿಂಟ್, ನೀರು ಹೋಗೋ ಪೈಪ್. ಆಮೇಲೆ ಗೋಡೆ ಒಡೆಯೋದು ದುಬಾರಿ.
• ಮೆಷಿನ್ ಬಂದ ದಿನ ಹಿಂದಿನ ಟ್ರಾನ್ಸಿಟ್ ಬೋಲ್ಟ್ ಬಿಚ್ಚಿದ್ದಾರಾ ನೋಡಿ, ಸ್ಪಿರಿಟ್ ಲೆವೆಲ್ ಇಟ್ಟು ಸಮ ಮಾಡಿಸಿ.
• ಒಂದು ಮಳೆಗಾಲ ಕಳೆಯಲಿ. ಎಷ್ಟು ದಿನ ಬಟ್ಟೆ ಒಣಗಲಿಲ್ಲ ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಆ ಗುರುತುಗಳನ್ನ ಎಣಿಸಿ ಆಮೇಲೆ ಡ್ರೈಯರ್ ನಿರ್ಧಾರ ಮಾಡಿ.